ಮಹಡಿಯಮ್ಮ ಹೇಳಿದ ಸಿನಿಮಾಗಳು

ಈಗ ಟಿವಿಯಲ್ಲಿ ಬೇರೆ ಭಾಷೆಯ ಧಾರಾವಾಹಿ ಹಾಕಿದರೆ ಚಿತ್ರದ ಕೆಳಗೆ ಸಾಲು ಸಾಲಾಗಿ ಅರ್ಥ ಬರೆದಿರುತ್ತಾರೆ. ನನ್ನ ಮೊಮ್ಮಗಳು ಅದನ್ನು ಓದಿಕೊಂಡೇ ನಗುತ್ತಾಳೆ, ಅದನ್ನು ಓದಿಕೊಂಡೇ ಕಣ್ಣೊರೆಸಿಕೊಳ್ಳುತ್ತಾಳೆ. ನಾನು ಆ ಸಾಲುಗಳನ್ನು ನಂಬುವುದಿಲ್ಲ. ಬರೆದವರು ಯಾರು, ಯಾವ ಕಡೆಯವರು, ಅವರಿಗೆ ಆ ಭಾಷೆ ನಿಜಕ್ಕೂ ಬರುತ್ತದೆಯೇ ಎಂದು ಪ್ರತಿ ಸಂಚಿಕೆಗೂ ಕೇಳುತ್ತೇನೆ. "ಅಜ್ಜಿ, ಸುಮ್ಮನೆ ನೋಡಬಾರದಾ?" ಎಂದು ಹುಡುಗಿ ರೇಗುತ್ತಾಳೆ. ಸುಮ್ಮನೆ ನೋಡಿ ಕೆಟ್ಟವಳು ನಾನು. ನನ್ನ ಹರೆಯದ ಅಷ್ಟೂ ಸಿನಿಮಾಗಳನ್ನು ಒಬ್ಬರು ಹೆಂಗಸು ಹಾಳು ಮಾಡಿದರು. ಈ ಬಹುವಚನ ನಮ್ಮಜ್ಜಿ ಕಲಿಸಿದ ಮರ್ಯಾದೆಗೆ. ಕ್ಷಮಿಸಿದ್ದೇನೆ ಎಂದು ಯಾರೂ ತಿಳಿಯಬಾರದು.

ಅಜ್ಜಿಯಿಂದಲೇ ಶುರು ಮಾಡಬೇಕು. ಮೈಸೂರು ಸೀಮೆಯ ನಮ್ಮೂರಿಗೆ ಬೇಸಗೆಯಲ್ಲಿ ಟೂರಿಂಗ್ ಟಾಕೀಸಿನ ಡೇರೆ ಬರುತ್ತಿತ್ತು. ಅಜ್ಜಿ ಮಡಿ ಹೆಂಗಸು, ಡೇರೆಯೊಳಗೆ ಕಾಲಿಡುವವರಲ್ಲ. ಆದರೆ ಕಥೆ ಬೇಕು. ಹಾಗಾಗಿ ಮನೆಯ ಪರವಾಗಿ ಸಿನಿಮಾ ನೋಡಿಕೊಂಡು ಬಂದು ಒಪ್ಪಿಸುವ ಕೆಲಸ ನನ್ನದಾಯಿತು. ಮಾರನೆಯ ದಿನ ಮಧ್ಯಾಹ್ನ ಅಜ್ಜಿ, ಅತ್ತೆಯರು, ಚಿಕ್ಕಮ್ಮಂದಿರು ಬತ್ತಿ ಹೊಸೆಯುತ್ತಾ ಕೂತರೆ ನಾನು ನಡುವೆ ನಿಂತು ಹೇಳುವವಳು. ಒಮ್ಮೆ ಸಾಯಬೇಕಾದ ತಾಯಿಯನ್ನು ನಾನು ಬದುಕಿಸಿಬಿಟ್ಟೆ. ಪಕ್ಕದ ಮನೆಯವರಿಂದ ಅದು ಅಜ್ಜಿಗೆ ಗೊತ್ತಾಯಿತು. ಕರೆದು ಹೇಳಿದರು: "ನೋಡು ಮಗು, ಕಂಡದ್ದನ್ನು ಕಂಡ ಹಾಗೆ ಹೇಳಬೇಕು. ನಿನಗೆ ಬೇಕಾದ್ದು ಸೇರಿಸಬೇಡ, ಬೇಡವಾದ್ದು ಬಿಡಬೇಡ. ನಾನು ನಿನ್ನ ಕಣ್ಣಲ್ಲಿ ನೋಡ್ತಿದೀನಿ. ಕಣ್ಣೇ ಮೋಸ ಮಾಡಿದರೆ ನಾನು ಎಲ್ಲಿಗೆ ಹೋಗಲಿ?" ಅಂದಿನಿಂದ ನಾನು ಒಬ್ಬ ಪಾತ್ರಧಾರಿಯ ಕೆಮ್ಮನ್ನೂ ಬಿಟ್ಟವಳಲ್ಲ.

ಅರವತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಎರ್ನಾಕುಲಂಗೆ ಬಂದೆ. ಯಜಮಾನರು ಅಲ್ಲಿ ಬ್ಯಾಂಕಿನಲ್ಲಿ ಗುಮಾಸ್ತರು. ದೋಣಿಕಟ್ಟೆಯಿಂದ ಕೂಗಳತೆಯಲ್ಲಿ ಎರಡಂತಸ್ತಿನ ಹಂಚಿನ ಮನೆ. ಕೆಳಗೆ ನಾವು, ಜೊತೆಗೆ ನಮ್ಮ ಅತ್ತೆ. ಮೇಲೆ ಅದೇ ಬ್ಯಾಂಕಿನ ಆಫೀಸರ ಸಂಸಾರ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಆಫೀಸರ ಹೆಂಡತಿಯನ್ನು ನಾವೆಲ್ಲ ಮಹಡಿಯಮ್ಮ ಎಂದೇ ಕರೆಯುತ್ತಿದ್ದದ್ದು, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಉಡುಪಿಯಿಂದ ಇನ್ನೂ ಮೇಲಿನ ಊರು ಅವರದು. ಮೈಸೂರು, ತುಮಕೂರು, ಹಾಸನದ ಕಡೆಯಿಂದ ಹೋದ ನಮಗೆ ಕರಾವಳಿ ಎಂದರೆ ಒಂದೇ ಉದ್ದನೆಯ ಊರು. ಸಮುದ್ರದ ಪಕ್ಕದವರು, ಕುಚ್ಚಲಕ್ಕಿ ತಿನ್ನುವವರು, ಎಲ್ಲದಕ್ಕೂ ತೆಂಗಿನಕಾಯಿ ಅರೆಯುವವರು, ಅಂದಮೇಲೆ ಮಲಯಾಳ ಬಾರದೆ ಇರುತ್ತದೆಯೇ? ಅವರನ್ನು ಯಾರೂ ಕೇಳಲಿಲ್ಲ. ನಾವೇ ನಿರ್ಧಾರ ಮಾಡಿಕೊಂಡೆವು. ಅವರು ಬೇಡ ಎನ್ನಲಿಲ್ಲ. ತರಕಾರಿಯವಳ ಹತ್ತಿರ "ಎತ್ರಯಾ? ವೇಣ್ಡ, ವೇಣ್ಡ!" ಎಂದು ಅವರು ಮಹಡಿಯಿಂದಲೇ ಕೂಗುವುದನ್ನು ಕೇಳಿದರೆ, ಎಷ್ಟು, ಬೇಡ ಎಂಬ ಎರಡೇ ಮಾತಾದರೂ, ಹುಟ್ಟಾ ಮಲಯಾಳಿ ಎನಿಸುತ್ತಿತ್ತು.

ಶನಿವಾರ ಮಧ್ಯಾಹ್ನ ಬ್ಯಾಂಕಿನ ಕನ್ನಡದ ಹೆಂಗಸರೆಲ್ಲ ಸೇರಿ ಸಿನಿಮಾಕ್ಕೆ ಹೋಗುವುದು ಪದ್ಧತಿ. ಒಂದೇ ಸಾಲಿನಲ್ಲಿ ಕೂರುತ್ತಿದ್ದೆವು. ನಟ್ಟನಡುವೆ ಮಹಡಿಯಮ್ಮ. ತೆರೆಯ ಮೇಲೆ ಯಾರಾದರೂ ಮಾತಾಡಿದರೆ ಅವರು ಅದನ್ನು ಕನ್ನಡದಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೇಳುತ್ತಿದ್ದರು. ಅಲ್ಲಿಂದ ಆ ಮಾತು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ತೀರ್ಥ ಪ್ರಸಾದದ ಹಾಗೆ ಸಾಗಿ ಸಾಲಿನ ತುದಿ ಮುಟ್ಟುತ್ತಿತ್ತು. ತುದಿಯಲ್ಲಿ ಕೂತವರಿಗೆ ಹಾಸ್ಯ ಮುಟ್ಟುವ ಹೊತ್ತಿಗೆ ತೆರೆಯ ಮೇಲೆ ಹೆಣ ಬಿದ್ದಿರುತ್ತಿತ್ತು. ಅವರು ಆಗ ನಗುತ್ತಿದ್ದರು. ಹಿಂದಿನ ಸಾಲಿನ ಗಂಡಸರು "ಒನ್ನು ಮಿಂಡಾದಿರಿಕ್ಕೂ" ಎಂದು ಗದರುತ್ತಿದ್ದರು, ಸ್ವಲ್ಪ ಬಾಯಿ ಮುಚ್ಚಿಕೊಂಡಿರಿ ಎಂದು ಅದರ ಅರ್ಥವೆಂದು ನನಗೆ ತಿಳಿದದ್ದು ಎಷ್ಟೋ ಆಮೇಲೆ. "ಏನಂತೆ?" ಎಂದು ನಾವು ಕೇಳಿದರೆ ಮಹಡಿಯಮ್ಮ ತಿರುಗಿಯೂ ನೋಡದೆ, "ಚೆನ್ನಾಗುಂಟು ಸಿನಿಮಾ ಅಂತ ಹೇಳುದು" ಎನ್ನುತ್ತಿದ್ದರು.

ಆಗಿನ ಮಲಯಾಳ ಸಿನಿಮಾ ನನಗೆ ತುಂಬಾ ಹಿಡಿಸಿತ್ತು. ನಾಯಕ ಎಂದರೆ ನಮ್ಮ ಎದುರುಮನೆಯವನ ಹಾಗೆ ಮುಂಡು ಉಟ್ಟು, ಕೊಡೆ ಹಿಡಿದು, ಬಸ್ಸಿಗೆ ಕಾಯುವವನು. ನಾಯಕಿಯ ಕೂದಲಿನ ಎಣ್ಣೆ ಕಪ್ಪು ಬಿಳುಪಿನಲ್ಲೂ ಹೊಳೆಯುತ್ತಿತ್ತು. ನಮ್ಮ ಕಡೆಯ ಸಿನಿಮಾಗಳಲ್ಲಿ ಯಾರೋ ಮೇಲಿನಿಂದ ನೋಡಿಕೊಳ್ಳುತ್ತಿದ್ದಾರೆ, ಕೊನೆಗೆ ಸರಿ ಮಾಡುತ್ತಾರೆ ಎಂಬ ಧೈರ್ಯವಿರುತ್ತಿತ್ತು. ಇಲ್ಲಿ ಅಂಥ ಭರವಸೆ ಯಾರಿಗೂ ಇಲ್ಲ. ಮೊದಲ ಭಾಗದಲ್ಲಿ ದೋಣಿ ತೋರಿಸಿದರೆ ಎರಡನೆಯ ಭಾಗದಲ್ಲಿ ಯಾರೋ ಮುಳುಗುತ್ತಾರೆ ಎಂದು ನಾನು ಶಪಥ ಮಾಡಿ ಹೇಳುತ್ತಿದ್ದೆ, ತಪ್ಪಿದ್ದು ಕಡಿಮೆ. ಒಂದೇ ಒಂದು ವಿಷಯ ನನಗೆ ವಿಚಿತ್ರವಾಗಿ ಕಾಣುತ್ತಿತ್ತು. ಈ ಸೀಮೆಯಲ್ಲಿ ಅಣ್ಣತಂಗಿಯರು ಎಷ್ಟೊಂದು ಜನ! ಗಂಡು ಹೆಣ್ಣು ಒಬ್ಬರನ್ನೊಬ್ಬರು ನೋಡಿ ಕಣ್ಣೀರು ಹಾಕಿದರೆ ಸಾಕು, "ಅವ ಅವಳ ಅಣ್ಣ, ಚಿಕ್ಕದಿರುವಾಗ ತಪ್ಪಿಹೋದದ್ದು" ಎಂದು ಮಹಡಿಯಮ್ಮನ ಮಾತು ಬರುತ್ತಿತ್ತು.

ಥಿಯೇಟರಿನ ಹೊರಗೆ ಹಾಡಿನ ಪುಸ್ತಕ ಮಾರುತ್ತಿದ್ದರು. ತೆಳ್ಳನೆಯ ಕಾಗದ, ಮೇಲೆ ನಾಯಕಿಯ ಮಸುಕು ಮುಖ, ಒಳಗೆ ಹಾಡುಗಳು, ಮೊದಲ ಪುಟದಲ್ಲಿ ಕಥೆ. ಆ ಕಥೆಯನ್ನು ಬೇಕೆಂದೇ ಅರ್ಧಕ್ಕೆ ನಿಲ್ಲಿಸಿ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ಅಚ್ಚು ಹಾಕಿರುತ್ತಿದ್ದರು. ನಮ್ಮೂರಿನ ಡೇರೆಯಲ್ಲೂ ಅದೇ ಚಾಳಿ ಇತ್ತು. ಅಜ್ಜಿಗೆ ಅದನ್ನು ಓದಿ ಹೇಳಿದಾಗ "ಥೂ, ಇದೆಂಥಾ ಕ್ರೌರ್ಯ" ಎಂದಿದ್ದರು. ನನಗಿನ್ನೂ ಮಲಯಾಳದ ಅಕ್ಷರ ಬರುತ್ತಿರಲಿಲ್ಲ. ಆದರೂ ನಾಯಕಿಯ ಮುಖಕ್ಕಾಗಿ ಕೊಂಡು ತರುತ್ತಿದ್ದೆ.

ಭಾನುವಾರ ಮಧ್ಯಾಹ್ನ ಹಿಂದಿನ ಜಗಲಿಯಲ್ಲಿ ಅತ್ತೆ ತಮ್ಮ ಮಣೆ ಹಾಕಿಕೊಂಡು ಕೂರುತ್ತಿದ್ದರು. ಮಂಡಿನೋವಿನಿಂದ ಅವರು ಥಿಯೇಟರಿಗೆ ಬರುತ್ತಿರಲಿಲ್ಲ. ಆ ಊರಿನ ಭಾಷೆ ಅವರಿಗೆ ಬಾರದು, ಸೆಕೆ ಆಗದು, ಮಾತಾಡಲು ಜನವಿಲ್ಲ. ನಾನು ಹೊಸ ಸೊಸೆ, ಅಡುಗೆಯಲ್ಲಿ ಅಷ್ಟಕ್ಕಷ್ಟೆ. ಸಾರಿಗೆ ಹುಳಿ ಹೆಚ್ಚು, ಚಟ್ನಿಗೆ ಉಪ್ಪು ಕಡಿಮೆ ಎಂದು ವಾರವಿಡೀ ಮುಖ ಗಂಟು ಹಾಕಿಕೊಂಡಿದ್ದವರು ಭಾನುವಾರ ಮಾತ್ರ ಹೀರೇಕಾಯಿ ಹೆರೆಯುತ್ತಾ, "ಹೂಂ, ಹೇಳಮ್ಮ, ನಿನ್ನೆ ಏನಾಯ್ತು?" ಎನ್ನುತ್ತಿದ್ದರು. ಆ ಒಂದು ಗಂಟೆಯಲ್ಲಿ ಅವರು ಅತ್ತೆಯಲ್ಲ, ನಾನು ಸೊಸೆಯಲ್ಲ. ನಾನು ಕಥೆ ಹೇಳುವವಳು, ಅವರು ಕೇಳುವವರು. ಆ ಮನೆಯಲ್ಲಿ ನನಗೆ ಇದ್ದ ಜಾಗ ಅದೊಂದೇ.

ಆ ಜಾಗವನ್ನೇ ಮಹಡಿಯಮ್ಮ ಕಿತ್ತುಕೊಂಡರು.

ಆದದ್ದು ಹೀಗೆ. ಪಕ್ಕದ ಮನೆಯಲ್ಲಿ ಒಬ್ಬರು ಶಾಲೆಯ ಟೀಚರು ಇದ್ದರು. ನನಗಿಂತ ದೊಡ್ಡವರು, ಅದಕ್ಕೆ ನಾನು ಅವರನ್ನು ಅಕ್ಕ ಎನ್ನುವ ಅರ್ಥದಲ್ಲಿ ಚೇಚಿ ಎನ್ನುತ್ತಿದ್ದೆ. ಓಣಂ ಹಬ್ಬಕ್ಕೆ ಅವರು ನಮ್ಮನ್ನು ಊಟಕ್ಕೆ ಕರೆದರು. ಬಾಳೆಲೆಯ ಮುಂದೆ ಅವರ ತಂಗಿಯರು, ನಾದಿನಿಯರು, ಕಾಲೇಜಿನ ಹುಡುಗಿಯರು ಸಾಲಾಗಿ ಕೂತಿದ್ದರು. ಸಿನಿಮಾದ ಮಾತು ಬಂತು. ಆ ವಾರ ಊರೆಲ್ಲ ಒಂದು ದೋಣಿಗಾರನ ಸಿನಿಮಾದ ಬಗ್ಗೆಯೇ ಮಾತಾಡುತ್ತಿತ್ತು. ಹೊಳೆ ದಾಟಿಸುವ ಕಡವಿನಲ್ಲಿ ದೋಣಿ ನಡೆಸುವವನೊಬ್ಬ, ಆಚೆ ದಡದ ಮನೆಯ ಒಬ್ಬ ವಿಧವೆ, ಅವಳನ್ನು ದಿನಾ ದಾಟಿಸುವಾಗಿನ ಮೌನ. ನನಗೆ ಬರುವ ಹರಕು ಮಲಯಾಳ, ಅರ್ಧ ಇಂಗ್ಲಿಷ್, ಉಳಿದದ್ದು ಕೈಸನ್ನೆ ಸೇರಿಸಿಕೊಂಡು ನಾನೂ ಅಭಿಪ್ರಾಯ ಕೊಟ್ಟೆ. ಅಭಿಪ್ರಾಯ ಕೊಡುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ. "ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ಅಣ್ಣ. ತಂಗಿಗೆ ಸೀರೆ ತಂದುಕೊಟ್ಟು, ಕೊನೆಗೆ ಅವಳಿಗಾಗಿಯೇ ಪ್ರಾಣ ಬಿಟ್ಟನಲ್ಲ! ಒಡಹುಟ್ಟಿದವರ ಪ್ರೀತಿ ಎಂದರೆ ಹಾಗಿರಬೇಕು" ಎಂದೆ.

ಬಡಿಸುತ್ತಿದ್ದ ಚೇಚಿಯ ಕೈಯ ಸೌಟು ನಿಂತಿತು.

"ಅಣ್ಣ ಯಾರು?"

"ಅದೇ, ದೋಣಿಯವನು."

ಒಬ್ಬಳು ಹುಡುಗಿ ಪಾಯಸದ ಲೋಟ ಬಾಯಿಗಿಟ್ಟವಳು ಹಾಗೆಯೇ ಉಗುಳಿಬಿಟ್ಟಳು. ಸಾಲಿಗೆ ಸಾಲೇ ಎಲೆಯ ಮೇಲೆ ಬಗ್ಗಿ ನಗತೊಡಗಿತು. ಚೇಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅಯ್ಯೋ ಮೋಳೇ, ಅವನು ಅವಳನ್ನು ಪ್ರೀತಿಸಿದವನು! ಮದುವೆಯಾಗುವ ಧೈರ್ಯ ಸಾಲದೆ ಓಡಿಹೋಗುವವನು!" ಎಂದರು. ಸತ್ತದ್ದೂ ಇಲ್ಲವಂತೆ. ಬೊಂಬಾಯಿಯ ರೈಲು ಹತ್ತಿದನಂತೆ. ನಾನು ಯಾವುದನ್ನು ಸಾವು ಎಂದುಕೊಂಡು ಅತ್ತೆನೋ ಅದು ಹೇಡಿಯೊಬ್ಬ ದೋಣಿ ಬಿಟ್ಟು ಹೋದ ದೃಶ್ಯ.

ಅಲ್ಲಿಂದ ಮುಂದೆ ಆ ಹುಡುಗಿಯರಿಗೆ ನಾನೊಂದು ಆಟವಾದೆ. ಬಸ್ ನಿಲ್ದಾಣದಲ್ಲಿ ಒಂದು ಜೋಡಿ ನಿಂತಿದ್ದರೆ ನನ್ನನ್ನು ನೋಡಿ "ಆಂಙಳ, ಆಂಙಳ" ಎಂದು ಕೂಗುತ್ತಿದ್ದರು. ಒಡಹುಟ್ಟಿದ ಅಣ್ಣ ಎಂದು ಆ ಮಾತಿನ ಅರ್ಥ. ನವದಂಪತಿಗಳು ರಿಕ್ಷಾದಲ್ಲಿ ಹೋದರೆ ಆಂಙಳ. ಬೇಲಿಯ ಮೇಲೆ ಹುಂಜ ಕೋಳಿಯ ಹಿಂದೆ ಓಡಿದರೂ ಆಂಙಳ. ಮೇಲಿನಿಂದ ಮಹಡಿಯಮ್ಮನಿಗೂ ಆ ಮಾತು ಕೇಳಿಸುತ್ತಿತ್ತು. ಅದು ಆಮೇಲೆ ಉಪಯೋಗಕ್ಕೆ ಬಂತು.

ಓಣಂ ಊಟದ ದಿನವೇ ಸಂಜೆ ನಾನು ಮೆಟ್ಟಿಲು ಹತ್ತಿ ಹೋಗಿ ಮಹಡಿಯಮ್ಮನನ್ನು ಕೇಳಿದೆ. "ಏನ್ರೀ, ದೋಣಿಯವನು ಅಣ್ಣ ಅಂತ ಹೇಳಿದಿರಲ್ಲ?"

ಅವರು ಹಪ್ಪಳ ಲಟ್ಟಿಸುತ್ತಿದ್ದರು. ಕೈ ನಿಲ್ಲಲಿಲ್ಲ. "ನಾನು ಹಾಗೆ ಹೇಳಲೇ ಇಲ್ಲ ಮಾರಾಯ್ತಿ. ನೀನು ಸರಿ ಕೇಳಿಸಿಕೊಳ್ಳಲಿಲ್ಲ."

"ನಿಮ್ಮ ಪಕ್ಕದಲ್ಲೇ ಕೂತಿದ್ದೆ!"

"ಕೂತರೆ ಎಂತಾಯಿತು? ಅರ್ಧ ಸಿನಿಮಾ ನೀನು ನಿದ್ದೆ ಮಾಡ್ತಿ."

ನಿದ್ದೆ! ಸಿನಿಮಾದಲ್ಲಿ! ನನ್ನನ್ನು ಕಳ್ಳಿ ಎಂದಿದ್ದರೂ ಸಹಿಸುತ್ತಿದ್ದೆ. ಮಾರನೆಯ ದಿನ ಅವರೇ ಕೆಳಗಿಳಿದು ಬಂದು, ನಾನು ಬಾವಿಕಟ್ಟೆಯಲ್ಲಿದ್ದಾಗ, ನಮ್ಮ ಅತ್ತೆಯ ಹತ್ತಿರ ಅದೇ ಮಾತು ಹೇಳಿದರು. "ನಿಮ್ಮ ಸೊಸೆ ಅರ್ಧಂಬರ್ಧ ಕೇಳಿ ಎಂತೆಂತದೋ ಹೇಳ್ತಾಳೆ ಅಮ್ಮ. ನಿಮಗೆ ಕಥೆ ಬೇಕಿದ್ದರೆ ನಾನುಂಟಲ್ಲ." ಮುಂದಿನ ಭಾನುವಾರ ನಾನು ಜಗಲಿಗೆ ಬಂದು ನೋಡಿದರೆ ಮಣೆ ಇಲ್ಲ. ಒಗೆದ ಬಟ್ಟೆ ಒಣಹಾಕಲು ಒಂದು ಮೆಟ್ಟಿಲೂ ಹತ್ತದ ನಮ್ಮ ಅತ್ತೆ ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಗೋಡೆ ಹಿಡಿದು, ಮಹಡಿ ಹತ್ತುತ್ತಿದ್ದರು. ಕಥೆ ಕೇಳಲು.

"ಅತ್ತೆ, ಅವರಿಗೆ ಮಲಯಾಳ ಬರಲ್ಲ" ಎಂದೆ ಹಿಂದಿನಿಂದ.

"ಮಂಗಳೂರಿನೋರಿಗೆ ಬರದೆ ನಿನಗೆ ಬರುತ್ತಾ?" ಎಂದು ಅವರು ಮೆಟ್ಟಿಲು ಹತ್ತಿದರು.

ನಾನು ಮಲಯಾಳ ಕಲಿತದ್ದು ಆ ಮೆಟ್ಟಿಲ ಕೆಳಗೆ ನಿಂತು. ಕೆಲವರು ಭಾಷೆಯನ್ನು ಹಾಡಿಗಾಗಿ ಕಲಿಯುತ್ತಾರೆ, ಕೆಲವರು ಹೊಟ್ಟೆಪಾಡಿಗಾಗಿ. ನಾನು ಕಲಿತದ್ದು ಶುದ್ಧ ದ್ವೇಷದಿಂದ. ಚೇಚಿ ಅಕ್ಷರ ತಿದ್ದಿಸಿದರು. ಪಠ್ಯಪುಸ್ತಕ ಯಾವುದು ಎಂದರೆ ನಾನು ಕೂಡಿಟ್ಟಿದ್ದ ಹಾಡಿನ ಪುಸ್ತಕಗಳು. ಪ್ರತಿ ಸಿನಿಮಾವನ್ನೂ ಎರಡು ಸಲ ನೋಡತೊಡಗಿದೆ. ಶನಿವಾರ ನಮ್ಮ ಹೆಂಗಸರ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು, ಆಮೇಲೊಂದು ದಿನ ಚೇಚಿಯ ಪಕ್ಕದಲ್ಲಿ ಕಿವಿ ತೆರೆದುಕೊಂಡು. ಆಗ ಗೊತ್ತಾಯಿತು, ಮಹಡಿಯಮ್ಮ ಹೇಳಿದ್ದರಲ್ಲಿ ಒಂದು ಕಥೆಯೂ ನಿಜವಲ್ಲ. ಅವರಿಗೆ ಬರುತ್ತಿದ್ದದ್ದು ತರಕಾರಿ ಮಲಯಾಳ ಮಾತ್ರ. ಉಳಿದದ್ದನ್ನೆಲ್ಲ ಅವರು ಮುಖ ನೋಡಿ ಕಟ್ಟುತ್ತಿದ್ದರು. ಸಾಲಿನಲ್ಲಿ ಅವರ ಇಬ್ಬರು ಹೆಣ್ಣುಮಕ್ಕಳು ಇರುತ್ತಿದ್ದರಲ್ಲ, ಆ ಮಕ್ಕಳ ಮುಂದೆ ಪ್ರೇಮ, ಓಡಿಹೋಗುವುದು, ಮದುವೆಯಿಲ್ಲದ ಬಸಿರು ಇವೆಲ್ಲ ಬರಬಾರದು. ಹಾಗಾಗಿ ಕಂಡವರನ್ನೆಲ್ಲ ಅಣ್ಣತಂಗಿ ಮಾಡಿ, ಓಡಿಹೋದವರನ್ನು ಕಾಶಿಯಾತ್ರೆಗೆ ಕಳಿಸಿ, ಬಸಿರಾದವಳಿಗೆ ಹೊಟ್ಟೆನೋವು ತರಿಸುತ್ತಿದ್ದರು. ಆ ಹೆಣ್ಣುಮಕ್ಕಳಿಗೋ ಶಾಲೆಯಲ್ಲಿ ಕಲಿತು ಮಲಯಾಳ ನೀರು ಕುಡಿದಷ್ಟು ಸಲೀಸು. ಅವರು ತೆರೆಯನ್ನು ನೋಡಿಕೊಂಡು, ಅಮ್ಮನ ಮಾತಿಗೆ ತಲೆ ಆಡಿಸಿಕೊಂಡು, ಇಡೀ ಸಿನಿಮಾವನ್ನು ಸರಿಯಾಗಿಯೇ ನೋಡುತ್ತಿದ್ದರು. ಮೋಸ ಹೋದವರು ನಾವು ದೊಡ್ಡವರು.

ಆಗಲೇ ಯಾಕೆ ಬಯಲಿಗೆ ಎಳೆಯಲಿಲ್ಲ ಎಂದು ಕೇಳಬಹುದು. ಅವರ ಗಂಡ ನಮ್ಮ ಯಜಮಾನರ ಮೇಲಿನ ಅಧಿಕಾರಿ, ಅದೊಂದು. ಹೇಳಿದ್ದರೂ ಅತ್ತೆ ನಂಬುತ್ತಿರಲಿಲ್ಲ, ಅದು ಎರಡನೆಯದು. ನಿಜವಾದ ಕಾರಣ ಬೇರೆ. ನನ್ನನ್ನು ನೋಡಿ ಒಂದು ಪಂಕ್ತಿಯೇ ನಕ್ಕಿತ್ತು. ಅವರನ್ನು ನೋಡಿ ನಗಲು ನನಗೆ ಒಂದು ಸಭಾಂಗಣ ಬೇಕಿತ್ತು.

ಅದಕ್ಕೆ ಕೆಲವು ವರ್ಷ ಕಾಯಬೇಕಾಯಿತು. ಎಪ್ಪತ್ತರ ದಶಕ ಶುರುವಾದ ಮೇಲೆ ನಮಗೆ ತಿರುವನಂತಪುರಕ್ಕೆ ವರ್ಗವಾಯಿತು. ಹಿಂದೆಯೇ ಅವರಿಗೂ ಬಡ್ತಿಯ ಮೇಲೆ ಅಲ್ಲಿಗೇ ಆಯಿತು. ಕೆಂಪು ಮಣ್ಣಿನ, ಏರಿಳಿತದ ಊರು ಅದು. ನಮ್ಮದು ಇಳಿಜಾರಿನ ಕೆಳಗಿನ ಮನೆ, ಅವರಿಗೆ ಸಿಕ್ಕಿದ್ದು ಅದೇ ದಿಬ್ಬದ ಮೇಲಿನದು. ಅಲ್ಲೂ ಅವರು ಮಹಡಿಯಮ್ಮನೇ ಆಗಿ ಉಳಿದರು, ನಮ್ಮ ಅತ್ತೆ ಮಣೆ ಹೊತ್ತುಕೊಂಡು ಕಲ್ಲು ಮೆಟ್ಟಿಲು ಹತ್ತುವುದೂ ಉಳಿಯಿತು.

ಆ ಊರಿನಲ್ಲಿ ರಾಕೆಟ್ಟಿನ ಕೇಂದ್ರಕ್ಕೆ ಬಂದ ವಿಜ್ಞಾನಿಗಳು, ಕೇಂದ್ರ ಸರ್ಕಾರದ ಕಚೇರಿಯವರು, ಬ್ಯಾಂಕಿನವರು ಸೇರಿ ಒಂದು ಕನ್ನಡ ಸಂಘ ಮಾಡಿಕೊಂಡಿದ್ದರು. ರಾಜ್ಯೋತ್ಸವಕ್ಕೆ ಒಂದು ಕನ್ನಡ ಸಿನಿಮಾ ತರಿಸಿ ಭಾನುವಾರ ಬೆಳಗ್ಗೆ ತೋರಿಸುವುದೆಂದು ತೀರ್ಮಾನವಾಯಿತು. ಒಬ್ಬ ದೊಡ್ಡ ಅಧಿಕಾರಿಯ ಪತ್ನಿ ಮುಖ್ಯ ಅತಿಥಿ. ಮಲಯಾಳಿ, ಕಲೆ ಸಾಹಿತ್ಯ ಎಂದರೆ ಪ್ರಾಣ ಬಿಡುವವರು, ಕನ್ನಡ ಒಂದಕ್ಷರ ಬಾರದು. ಸಭೆಯಲ್ಲಿ ಕಾರ್ಯದರ್ಶಿಗಳು ತಲೆ ಕೆರೆದುಕೊಂಡರು. "ಅವರ ಪಕ್ಕದಲ್ಲಿ ಕೂತು ಸಿನಿಮಾನ ಮಲಯಾಳದಲ್ಲಿ ವಿವರಿಸೋರು ಯಾರಾದರೂ ಬೇಕಲ್ಲ?"

ನಾನು ಎದ್ದು ನಿಂತೆ. ಸ್ವರವನ್ನು ಬೆಣ್ಣೆಯಲ್ಲಿ ಅದ್ದಿ ತೆಗೆದೆ. "ನಮ್ಮಲ್ಲಿ ಆ ಕೆಲಸಕ್ಕೆ ಒಬ್ಬರೇ ಇರೋದು. ಎರ್ನಾಕುಲಂನಲ್ಲಿ ಎಷ್ಟೋ ವರ್ಷ ನಮಗೆಲ್ಲ ಮಲಯಾಳ ಸಿನಿಮಾ ಅರ್ಥ ಮಾಡಿಸಿದೋರು. ಅವರಿಗೆ ಆ ಗೌರವ ಸಲ್ಲಲೇಬೇಕು."

ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಮಹಡಿಯಮ್ಮನ ಮುಖದ ಬಣ್ಣ ಇಳಿಯಿತು. "ಅಯ್ಯೋ, ನನ್ನಿಂದ ಎಂತ ಆಗ್ತದೆ, ಬೇರೆ ಯಾರಾದರೂ..." ಎಂದರು.

"ಸಂಕೋಚ ಪಡಬೇಡಿ. ನೀವಲ್ಲದೆ ಇನ್ಯಾರು?" ಎಂದೆ. ಹೊರಗೆ ಬಂದ ಮೇಲೆ ಅವರು ನನ್ನ ತೋಳು ಹಿಡಿದುಕೊಂಡರು. "ನನ್ನನ್ನು ಎಲ್ಲಿ ಸಿಕ್ಕಿಸಿ ಹಾಕಿದ್ದು ಮಾರಾಯ್ತಿ ನೀನು?" "ಸಿಕ್ಕಿಸೋದು ಏನು ಬಂತು? ನಿದ್ದೆ ಮಾಡದೆ ಸರಿಯಾಗಿ ಕೇಳಿಸಿಕೊಂಡು ಹೇಳಿ, ಅಷ್ಟೇ" ಎಂದೆ. ಅವರು ಕೈ ಬಿಟ್ಟರು.

ಭಾನುವಾರ ಬಂತು. ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಜರಿಯಂಚಿನ ಕಸವು ಸೀರೆಯ ಅತಿಥಿ, ಪಕ್ಕದಲ್ಲಿ ಧರ್ಮಾವರದ ಸೀರೆಯಲ್ಲಿ ಮಹಡಿಯಮ್ಮ. ಅವರ ಹಿಂದಿನ ಕುರ್ಚಿಯಲ್ಲಿ ನಾನು, ನನ್ನ ಪಕ್ಕದಲ್ಲಿ ಅತ್ತೆ. ಕನ್ನಡ ಸಿನಿಮಾ ಎಂದು ಅವರೂ ಮಂಡಿನೋವು ಮರೆತು ಬಂದಿದ್ದರು.

ಸಿನಿಮಾ ಹಳೆಯದು, ಪ್ರತಿಯೂ ಹಳೆಯದು. ಒಬ್ಬ ಮೇಷ್ಟ್ರು, ಅವನು ಪಾಠ ಹೇಳುವ ಊರಿನಲ್ಲಿ ಒಬ್ಬಳು ಅನಾಥೆ. ಅವಳಿಗೆ ಆಸರೆ ಕೊಡುತ್ತಾನೆ, ಊರು ಆಡಿಕೊಳ್ಳುತ್ತದೆ, ಅವಳನ್ನು ಮದುವೆಯಾಗುತ್ತಾನೆ, ಕೊನೆಗೆ ಮಗುವಿನೊಂದಿಗೆ ಇಬ್ಬರೂ ಊರು ಬಿಡುತ್ತಾರೆ. ಸಿನಿಮಾ ಸಾಧಾರಣ. ಮೇಷ್ಟ್ರ ಪಾತ್ರದವನು ಸೀಮೆಸುಣ್ಣ ಹಿಡಿದದ್ದು ನೋಡಿದರೆ ಜೀವನದಲ್ಲಿ ಶಾಲೆ ಕಂಡವನ ಹಾಗಿರಲಿಲ್ಲ. ಆದರೆ ಒಂದು ವಿಶೇಷವಿತ್ತು. ಮದುವೆಯಿದ್ದ ರೀಲು ಹರಿದುಹೋಗಿ ಬಂದಿರಲೇ ಇಲ್ಲ. ಮಾತು ಅರ್ಥವಾಗುವ ನಮಗೆ ಅದರಿಂದ ಏನೂ ನಷ್ಟವಾಗಲಿಲ್ಲ.

ಮಹಡಿಯಮ್ಮ ಬಾಯಿ ತೆರೆದರು. ನಾನು ಮುಂದಕ್ಕೆ ಬಾಗಿ ಕಿವಿಗೊಟ್ಟೆ. "ನಲ್ಲ ಆಳ್" ಎಂದರು ಮೇಷ್ಟ್ರನ್ನು ತೋರಿಸಿ. ಒಳ್ಳೆಯ ಮನುಷ್ಯ. "ಪಾವಂ" ಎಂದರು ಹುಡುಗಿಯನ್ನು ತೋರಿಸಿ. ಪಾಪದವಳು. ಅಲ್ಲಿಗೆ ಬಂಡವಾಳ ಮುಗಿಯಿತು. ಅತಿಥಿ ಬಹಳ ಸೌಜನ್ಯದಿಂದ, ಇವರಿಬ್ಬರೂ ಏನಾಗಬೇಕು ಎಂದು ಕೇಳಿದರು. ಮಹಡಿಯಮ್ಮ ಸೆರಗು ಎಳೆದುಕೊಂಡರು. ಹಿಂದೆ ತಿರುಗಿ ನನ್ನನ್ನು ನೋಡಿದರು. ನಾನು ತೆರೆಯನ್ನೇ ನೋಡುತ್ತಿದ್ದೆ, ಕಣ್ಣು ಮಿಟುಕಿಸಲಿಲ್ಲ. ಆಗ ಅವರ ಬಾಯಿಂದ ಬಂತು, ಎರ್ನಾಕುಲಂನ ಗಲ್ಲಿಯಲ್ಲಿ ಹುಡುಗಿಯರು ನನ್ನನ್ನು ಅಣಕಿಸಿ ಕೂಗಿದಾಗ ಮೇಲೆ ನಿಂತು ಕಲಿತ ಮಾತು.

"ಆಂಙಳ."

ನನಗೆ ಆಗ ಆದ ಸಂತೋಷವನ್ನು ಹೇಳಲು ಕನ್ನಡದಲ್ಲೂ ಮಾತಿಲ್ಲ, ಮಲಯಾಳದಲ್ಲೂ ಇಲ್ಲ.

ಸಿನಿಮಾ ಮುಗಿಯಿತು. ಅತಿಥಿ ವೇದಿಕೆ ಹತ್ತಿ ಎರಡು ಮಾತಾಡಬೇಕೆಂದು ಕಾರ್ಯದರ್ಶಿಗಳು ಕೋರಿದರು. ಅವರು ಮಲಯಾಳದಲ್ಲಿ ಮಾತಾಡಿದರೆ ಕನ್ನಡಕ್ಕೆ ಹೇಳುವವರು ಬೇಕು. ಎಲ್ಲರ ಕಣ್ಣೂ ಮಹಡಿಯಮ್ಮನ ಕಡೆ ಹೋಯಿತು. ಅವರು ಗಂಟಲು ಹಿಡಿದುಕೊಂಡು ಕೆಮ್ಮತೊಡಗಿದರು. "ಹೇಳಿ ಹೇಳಿ ಸ್ವರ ಹೋಗಿದೆ ಪಾಪ. ನಾನೇ ಹೇಳ್ತೀನಿ" ಎಂದು ನಾನು ವೇದಿಕೆ ಹತ್ತಿದೆ. ನನಗೆ ಮಲಯಾಳ ಬರುತ್ತದೆ ಎಂದು ಆ ಊರಿನ ಕನ್ನಡದವರಲ್ಲಿ ನಮ್ಮ ಯಜಮಾನರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಕುರ್ಚಿಯಲ್ಲಿ ನೆಟ್ಟಗಾದರು.

ಅತಿಥಿ ಒಂದೊಂದು ವಾಕ್ಯ ಹೇಳಿ ನಿಲ್ಲಿಸುತ್ತಿದ್ದರು. ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಅಜ್ಜಿಯ ಮಾತನ್ನು ಅಷ್ಟು ನಿಷ್ಠೆಯಿಂದ ನಾನು ಇನ್ನೆಂದೂ ಪಾಲಿಸಿಲ್ಲ. ಸೇರಿಸಲಿಲ್ಲ, ಬಿಡಲಿಲ್ಲ.

"ನಿಮ್ಮ ನಾಡಿನ ಸಿನಿಮಾ ನೋಡಿ ನನ್ನ ಮನಸ್ಸು ತುಂಬಿ ಬಂದಿದೆ ಅಂತಾರೆ."

ಚಪ್ಪಾಳೆ.

"ಇದರ ಕಥೆಯನ್ನು ಪಕ್ಕದಲ್ಲಿ ಕೂತು ನನಗೆ ಚೆನ್ನಾಗಿ ಅರ್ಥ ಮಾಡಿಸಿದರು ಅಂತಾರೆ."

ಇನ್ನೂ ಜೋರು ಚಪ್ಪಾಳೆ. ಮಹಡಿಯಮ್ಮ ನೆಲ ನೋಡುತ್ತಿದ್ದರು.

"ಒಬ್ಬ ಅಣ್ಣ ತನ್ನ ತಂಗಿಯನ್ನು ಇಷ್ಟು ಅಕ್ಕರೆಯಿಂದ ಕಾಪಾಡೋದನ್ನು ನಾನು ಯಾವ ಸಿನಿಮಾದಲ್ಲೂ ನೋಡಿಲ್ಲ ಅಂತಾರೆ."

ಯಾರೋ ಹಿಂದಿನಿಂದ "ಅಣ್ಣ ಯಾವನು?" ಎಂದರು. ನಾನು ಕಾದೆ. ಅತಿಥಿ ಕಣ್ಣೊರೆಸಿಕೊಂಡು ಮುಂದಿನ ವಾಕ್ಯ ಹೇಳಿದರು.

"ಕೊನೆಗೆ ತಂಗಿಯ ಮಗುವನ್ನೂ ತನ್ನದೇ ಮಗುವಿನ ಹಾಗೆ ಎತ್ತಿಕೊಂಡು ಹೊರಟನಲ್ಲ, ಅದನ್ನು ನೋಡಿ ಅಳು ಬಂತು ಅಂತಾರೆ."

ನಗು ಹಿಂದಿನ ಸಾಲಿನಿಂದ ಎದ್ದಿತು. ರಾಕೆಟ್ಟಿನವರು ನಕ್ಕರು, ಬ್ಯಾಂಕಿನವರು ನಕ್ಕರು, ಕಾರ್ಯದರ್ಶಿಗಳು ಹಾರದ ತಟ್ಟೆ ಹಿಡಿದುಕೊಂಡೇ ಕುಸಿದು ಕೂತರು. ಎರ್ನಾಕುಲಂನ ಶನಿವಾರದ ಸಾಲಿನಲ್ಲಿ ಕೂರುತ್ತಿದ್ದ ಇಬ್ಬರು ಹೆಂಗಸರು ಅಲ್ಲಿದ್ದರು. ಅವರು ನಗಲಿಲ್ಲ. ಮುಖ ಮುಖ ನೋಡಿಕೊಂಡರು. ತಾವು ಜೀವಮಾನವಿಡೀ ಅತ್ತದ್ದು ಯಾರ ಅಣ್ಣನಿಗೆ ಎಂದು ಅವರಿಗೆ ಆಗ ಹೊಳೆಯಿತು. ಮಹಡಿಯಮ್ಮನ ಹೆಣ್ಣುಮಕ್ಕಳು ಎಲ್ಲರಿಗಿಂತ ಹೆಚ್ಚು ನಕ್ಕರು. ಓಣಂ ಪಂಕ್ತಿಯ ನಗುವಿಗಿಂತ ಇದು ದೊಡ್ಡದಿತ್ತು. ನಾನು ಮೈಕಿನ ಮುಂದೆ ನಿಂತು ಅದನ್ನು ಪೂರ್ತಿ ಕೇಳಿಸಿಕೊಂಡೆ. ಅತಿಥಿ ಗಾಬರಿಯಾಗಿ, ಯಾಕೆ ನಗುತ್ತಿದ್ದಾರೆ ಎಂದು ಕೇಳಿದರು. "ಎಲ್ಲರಿಗೂ ತುಂಬಾ ಸಂತೋಷವಾಗಿದೆ" ಎಂದೆ ಮಲಯಾಳದಲ್ಲಿ. ಅಂದು ನಾನು ಸ್ವಂತದ್ದಾಗಿ ಸೇರಿಸಿದ್ದು ಅದೊಂದೇ ಮಾತು. ನನ್ನ ಮಟ್ಟಿಗೆ ಅದೂ ಸುಳ್ಳಲ್ಲ.

ಮನೆಗೆ ಬಂದು, ಊಟವಾದ ಮೇಲೆ ಹಿಂದಿನ ಜಗಲಿಯಲ್ಲಿ ಅತ್ತೆ ಮಣೆ ಹಾಕಿದ ಸದ್ದು ಕೇಳಿತು. ನಾನು ಅಡುಗೆಮನೆಯಲ್ಲೇ ನಿಂತೆ. ಅವರಾಗಿ ಕರೆಯಲಿ ಎಂದು.

"ಏನೇ, ಕೇಳಿಸ್ತಾ? ಬಾ ಇಲ್ಲಿ. ಆ ದೋಣಿಯೋನು, ಅವನು ನಿಜವಾಗಿ ಸಾಯಲಿಲ್ವಾ?"

"ಇಲ್ಲ. ಬೊಂಬಾಯಿಗೆ ಓಡಿಹೋದ."

"ಹಾಳಾದೋನು! ನಾನು ಅವನಿಗೋಸ್ಕರ ಎರಡು ದಿನ ಊಟ ಬಿಟ್ಟಿದ್ದೆ. ಕೂತ್ಕೋ. ಮೊದಲಿಂದ ಹೇಳು. ಎಲ್ಲಾ ಸಿನಿಮಾನೂ ಮೊದಲಿಂದ ಹೇಳು."

ಹೀಗೆ ನನ್ನ ಜಾಗ ನನಗೆ ವಾಪಸು ಬಂತು. ಅಣ್ಣಂದಿರನ್ನೆಲ್ಲ ಒಬ್ಬೊಬ್ಬರಾಗಿ ಪ್ರಿಯಕರರನ್ನಾಗಿ ಮಾಡಿದೆ, ಕಾಶಿಗೆ ಹೋದವರನ್ನು ಹಿಡಿದು ಅವರವರ ಪಾಪಕ್ಕೆ ತಂದು ನಿಲ್ಲಿಸಿದೆ. ಅತ್ತೆ ಒಮ್ಮೊಮ್ಮೆ "ಮಹಡಿಯಮ್ಮ ಹೇಳಿದ್ದೇ ಚೆನ್ನಾಗಿತ್ತು ಕಣೇ" ಎಂದು ಗೊಣಗುತ್ತಿದ್ದರು. ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮಣೆ ಮಾತ್ರ ಇನ್ನು ಆ ಮೆಟ್ಟಿಲು ಹತ್ತಲಿಲ್ಲ.

ಒಂದು ಮಧ್ಯಾಹ್ನ ದೋಣಿಗಾರನ ಕಥೆಯನ್ನೇ ಮತ್ತೆ ಹೇಳುತ್ತಿದ್ದೆ. ವಿಧವೆ ಅವನು ಕೊಟ್ಟ ಸೀರೆಯನ್ನು ಎದೆಗೊತ್ತಿಕೊಂಡು ಕಡವಿಗೆ ಬರುತ್ತಾಳೆ. ದೋಣಿ ಖಾಲಿ. ಅವಳು ದೋಣಿಯನ್ನು ನೋಡುತ್ತಾಳೆ, ಹೊಳೆಯನ್ನು ನೋಡುತ್ತಾಳೆ. ಅಷ್ಟು ಹೇಳಿ ಕತ್ತೆತ್ತಿದರೆ ಬೇಲಿಯ ಆಚೆ ಕಲ್ಲು ಮೆಟ್ಟಿಲ ಮೇಲೆ ಮಹಡಿಯಮ್ಮ ನಿಂತಿದ್ದರು. ಕೈಯಲ್ಲಿ ಒಣಹಾಕಲು ತಂದ ಹಪ್ಪಳದ ಮೊರ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರಿಗೂ ಆ ಕಥೆ ಗೊತ್ತಿರಲಿಲ್ಲ. ನಮ್ಮೆಲ್ಲರಿಗೂ ಸಿನಿಮಾ ಹೇಳಿದವರು, ಅಷ್ಟು ಶನಿವಾರಗಳಲ್ಲಿ ಒಂದನ್ನಾದರೂ ಸರಿಯಾಗಿ ನೋಡಿರಲಿಲ್ಲ.

"ಆಮೇಲೆ?" ಎಂದರು ಮಹಡಿಯಮ್ಮ. ಸ್ವರದಲ್ಲಿ ಮೊದಲಿನ ಠೀವಿ ಇರಲಿಲ್ಲ. "ಆಮೇಲೆ ಎಂತ ಮಾಡಿದಳು ಮಾರಾಯ್ತಿ ಅವಳು?"

ಅತ್ತೆ ನನ್ನ ಮುಖ ನೋಡಿದರು. ನಾನು ಎದ್ದು ಸೆರಗು ಕೊಡವಿಕೊಂಡೆ.

"ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ" ಎಂದೆ.

ಅವರು ಮೊರ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. "ಅಷ್ಟು ದೂರ ಕೇಳಿದವರಿಗೆ ಹೇಳಬಾರದಿತ್ತೇನೇ" ಎಂದು ಅತ್ತೆ ಗದರಿದರು. ಅತ್ತೆಯ ಕಿವಿಯಲ್ಲಿ ಉಳಿದದ್ದನ್ನು ಪಿಸುಮಾತಿನಲ್ಲಿ ಹೇಳಿದೆ. ದಿಬ್ಬದ ಮೇಲಿನವರಿಗೆ ಈವರೆಗೂ ಹೇಳಿಲ್ಲ.